ಬಡಾವಣೆಯ ಉದ್ಯಾನ ಮತ್ತು ಹವಾಮಾನ ಬದಲಾವಣೆ: ಮರ, ಮಣ್ಣು, ನೀರು ಉಳಿಯದಿದ್ದರೆ ಉಪಯೋಗವೇನು?

ತೋಪಿನಂಚು

ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಸುಮಾರು ಒಂದು ಎಕರೆಯ ಹಳೆಯ ಉದ್ಯಾನವೊಂದಿದೆ. ಅದನ್ನು 'ಹವಾಮಾನ ಸ್ನೇಹಿ'ಯಾಗಿ ಮೇಲ್ದರ್ಜೆಗೇರಿಸುವ ನಕ್ಷೆಯೊಂದು ನಿವಾಸಿಗಳ ಅಭಿಪ್ರಾಯಕ್ಕಾಗಿ ಬಂದಿದೆ. ಈಗಿರುವ ಮಣ್ಣಿನ ನಡಿಗೆ ದಾರಿಗೆ ಪೇವರ್ ಬ್ಲಾಕ್, ನಡುವೆ ಕಾರಂಜಿ, ಹೊಂಗೆ ಮತ್ತು ನೇರಳೆ ಮರಗಳ ಬುಡದವರೆಗೂ ಹುಲ್ಲುಹಾಸು, ಬೇಲಿಯುದ್ದಕ್ಕೂ ಕತ್ತರಿಸಿ ಆಕಾರ ಕೊಡುವ ಅಲಂಕಾರದ ಗಿಡಗಳು, ಮೂಲೆಯಲ್ಲಿ ಓಪನ್ ಜಿಮ್ ಎಂದು ನಕ್ಷೆ ಹೇಳುತ್ತದೆ. 'ಅಡ್ಡ ಬರುವ ಮರಗಳು: ನಾಲ್ಕು' ಎಂಬ ಟಿಪ್ಪಣಿಯೂ ಇದೆ. ಇದಾದ ಮೇಲೆ ಉದ್ಯಾನವು ಬಡಾವಣೆಯ ವಾಹನಗಳು ಉಗುಳುವ ಇಂಗಾಲವನ್ನು ಹೀರಿ ಸರಿದೂಗಿಸುತ್ತದೆ ಎಂದು ಮುನ್ನುಡಿಯಲ್ಲಿ ಬರೆಯಲಾಗಿದೆ.

ನನ್ನ ತಕರಾರು ಆ ವಾಕ್ಯದಿಂದಲೇ ಶುರುವಾಗುತ್ತದೆ. ಬಲಿತ ಮರವೊಂದು ವರ್ಷಕ್ಕೆ ಸ್ಥೂಲವಾಗಿ 20 ಕಿಲೋಗ್ರಾಂ ಆಸುಪಾಸಿನಷ್ಟು ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಹೊರಬರುತ್ತದೆ. ಅಂದರೆ ಒಂದು ಮರದ ಇಡೀ ವರ್ಷದ ದುಡಿಮೆ ಸ್ಕೂಟರಿನ ಎರಡು ಟ್ಯಾಂಕ್ ಪೆಟ್ರೋಲಿಗೂ ಸಾಲದು. ಭಾರತದಲ್ಲಿ ತಲಾ ಹೊರಸೂಸುವಿಕೆ ವರ್ಷಕ್ಕೆ 2 ಟನ್ನಿನ ಆಸುಪಾಸಿನಲ್ಲಿದೆ ಎಂದಿಟ್ಟುಕೊಂಡರೆ ಒಬ್ಬೊಬ್ಬರಿಗೂ ನೂರು ಬಲಿತ ಮರಗಳು ಬೇಕಾಗುತ್ತವೆ. ಒಂದು ಎಕರೆಯಲ್ಲಿ ಇಬ್ಬರು ಮೂವರ ಪಾಲೂ ಹಿಡಿಸುವುದಿಲ್ಲ. ಹೀಗಿರುವಾಗ ಉದ್ಯಾನದ ಹೆಸರಿನಲ್ಲಿ ಇಂಗಾಲದ ಲೆಕ್ಕ ತೋರಿಸುವುದು ವಾಹನ, ಸಿಮೆಂಟು, ವಿದ್ಯುತ್ತಿನ ಪ್ರಶ್ನೆಗಳನ್ನು ಮರೆಮಾಚಿದಂತೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಉದ್ಯಾನ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅದರ ನಿಜವಾದ ಕೆಲಸ ಊರಿನ ಬಿಸಿಯನ್ನು ತಗ್ಗಿಸುವುದು ಮತ್ತು ಮಳೆಯನ್ನು ಹಿಡಿದಿಡುವುದು. ಈ ಎರಡು ಕೆಲಸಗಳನ್ನೂ ಕೆಡಿಸುವಂಥದ್ದೇ ಈ ನಕ್ಷೆಯಲ್ಲಿ ತುಂಬಿದೆ. ಆಕ್ಷೇಪಣೆ ಬರೆಯಬೇಕಾಗಿದೆ. ವಿಷಯ ತಿಳಿದವರು ವಾದವನ್ನು ತಿದ್ದಿ ಗಟ್ಟಿಗೊಳಿಸಬೇಕೆಂದು ಕೋರುತ್ತೇನೆ.

ಉಷ್ಣಮಾಪಕ

ತೋಪಿನಂಚು ಅವರೇ, ನಿಮ್ಮ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಆಕ್ಷೇಪಣೆಯಲ್ಲಿ 'ತಂಪು' ಎಂದಷ್ಟೇ ಬರೆದರೆ ಅಧಿಕಾರಿಗಳು ಅದನ್ನು ಕವಿತೆಯೆಂದು ಬದಿಗಿಡುತ್ತಾರೆ. ಅಂಕಿಗಳನ್ನು ಕೊಡಿ.

ಮರ ತಂಪು ಮಾಡುವುದು ಎರಡು ಬಗೆಯಿಂದ. ಮೊದಲನೆಯದು ನೆರಳು. ಡಾಂಬರು, ಕಾಂಕ್ರೀಟು, ಪೇವರ್ ಬ್ಲಾಕ್‌ಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ಹೊರಬಿಡುತ್ತವೆ. ಬೆಂಗಳೂರಿನ ಒತ್ತೊತ್ತಾದ ಬಡಾವಣೆಗಳಲ್ಲಿ ರಾತ್ರಿ ಹತ್ತಾದರೂ ಗೋಡೆ ಬೆಚ್ಚಗಿರುವುದು ಇದೇ ಕಾರಣಕ್ಕೆ. ನೆಲಕ್ಕೆ ಬಿಸಿಲು ಬೀಳದಿದ್ದರೆ ಹೊರಬಿಡಲು ಶಾಖವೇ ಕೂಡುವುದಿಲ್ಲ. ಎರಡನೆಯದು ಬಾಷ್ಪವಿಸರ್ಜನೆ. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ, ಅಂದರೆ ನಮ್ಮ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 0.68 ಯೂನಿಟ್ ಬೇಕು. ಬೇರಿಗೆ ಸಾಕಷ್ಟು ನೀರು ಸಿಗುವ ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ಆವಿಯಾಗಿಸಿದರೆ ಸುತ್ತಲಿನಿಂದ 68 ಯೂನಿಟ್‌ನಷ್ಟು ಶಾಖ ಹೋಗುತ್ತದೆ; ಒಂದೂವರೆ ಟನ್ನಿನ ಎಸಿ ಪೂರ್ಣ ಸಾಮರ್ಥ್ಯದಲ್ಲಿ ಸುಮಾರು 13 ಗಂಟೆ ಓಡಿದರೆ ಕೋಣೆಯಿಂದ ತೆಗೆಯುವ ಶಾಖ ಅಷ್ಟು. ಎಸಿಯಾದರೋ ಕೋಣೆಯ ಶಾಖದ ಜೊತೆಗೆ ತನ್ನದನ್ನೂ ಸೇರಿಸಿ ಬೀದಿಗೆ ಸುರಿಯುತ್ತದೆ.

ನಮ್ಮ ಊರಿನದೇ ಅಳತೆಯೂ ಇದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿಲ್ಲದ ರಸ್ತೆಗಿಂತ ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೂ, ರಸ್ತೆಯ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿದ್ದದ್ದು ಕಂಡುಬಂದಿದೆ. ಇವು ಗರಿಷ್ಠ ವ್ಯತ್ಯಾಸಗಳು, ಎಲ್ಲ ಕಡೆಯ ಸರಾಸರಿಯಲ್ಲ. ಆಕ್ಷೇಪಣೆಯಲ್ಲಿ ಹಾಗೆಂದೇ ಬರೆಯಿರಿ, ಇಲ್ಲದಿದ್ದರೆ ಎದುರು ಪಕ್ಷದವರು ಅಲ್ಲಿಯೇ ಹಿಡಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿದ ಊರಿಗೆ ಎರಡು ಮೂರು ಡಿಗ್ರಿಯ ಇಳಿಕೆಯೂ ಸಣ್ಣ ಮಾತಲ್ಲ.

ಮತ್ತೊಂದು ಮಿತಿಯನ್ನೂ ಗಮನಿಸಬೇಕು. ಉದ್ಯಾನದ ತಂಪು ಬೇಲಿಯ ಹೊರಗೆ ಬಹುದೂರ ಹಬ್ಬುವುದಿಲ್ಲ; ದೊಡ್ಡ ಉದ್ಯಾನದ್ದೇ ಆದರೂ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಲ್ಲಿ ಕರಗಿಹೋಗುತ್ತದೆ. ಕಬ್ಬನ್ ಪಾರ್ಕು ಎಷ್ಟೇ ದಟ್ಟವಾಗಿದ್ದರೂ ಪೀಣ್ಯದ ಶೆಡ್ಡಿನಲ್ಲಿ ದುಡಿಯುವವರಿಗೆ ಅದರಿಂದ ತಂಪಾಗದು. ಆದ್ದರಿಂದ ನಿಮ್ಮ ಒಂದು ಎಕರೆಯಂಥ ಸಣ್ಣ ಜಾಗಗಳು ಊರ ತುಂಬ ಹರಡಿಕೊಂಡಿರುವುದೇ ಮುಖ್ಯ. ಡಚ್ ಮೂಲದ ನಗರ ಅರಣ್ಯ ತಜ್ಞ ಸೆಸಿಲ್ ಕೊನಿನೆಂಡೈಕ್ 2021ರಲ್ಲಿ ಮುಂದಿಟ್ಟ 3-30-300 ಎಂಬ ಸೂತ್ರ ಇದನ್ನೇ ಹೇಳುತ್ತದೆ: ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ ಶೇಕಡಾ 30ರಷ್ಟು ಭಾಗಕ್ಕೆ ಮರಗಳ ಚಪ್ಪರವಿರಬೇಕು, 300 ಮೀಟರಿನೊಳಗೆ ಒಂದು ಹಸಿರು ತಾಣವಿರಬೇಕು.

ಸಂಜೆನಡಿಗೆ

ಮೇಲಿನ ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೂ ಉದ್ಯಾನವನ್ನು ಬಳಸುವವರ ಪರವಾಗಿ ಎರಡು ಮಾತು ಹೇಳಲೇಬೇಕು. ಮಂಡಿನೋವಿನ ಹಿರಿಯರಿಗೆ, ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವವರಿಗೆ ಗಟ್ಟಿಯಾದ, ಸಮತಟ್ಟಾದ ದಾರಿ ಬೇಕು. ಮಳೆಗಾಲದ ಕೆಸರಿನಲ್ಲಿ ಜಾರಿ ಬಿದ್ದವರನ್ನು ನಾವೆಲ್ಲ ನೋಡಿದ್ದೇವೆ. ಕತ್ತಲಾದ ಮೇಲೆ ಹೆಂಗಸರು ಒಬ್ಬರೇ ನಡೆಯಬೇಕಾದರೆ ಕಣ್ಣಿಗೆ ಅಡ್ಡವಾಗುವ ಪೊದೆಗಳು ಬೇಡ, ದೀಪ ಬೇಕು. ಮಕ್ಕಳಿಗೆ ಹೊರಳಾಡಲು ಒಂದಿಷ್ಟು ಹುಲ್ಲೂ ಬೇಕು. ಹವಾಮಾನದ ಹೆಸರಿನಲ್ಲಿ ಉದ್ಯಾನವನ್ನು ಕಾಡು ಮಾಡಿಟ್ಟರೆ ಜನ ಬರುವುದು ನಿಲ್ಲುತ್ತದೆ, ಜನ ಬಾರದ ಜಾಗಕ್ಕೆ ಕಸ ಬರುತ್ತದೆ, ಆಮೇಲೆ ಯಾರಾದರೂ ಕಟ್ಟಡ ಕಟ್ಟಲು ಬಂದರೂ ಕೇಳುವವರಿರುವುದಿಲ್ಲ.

ಹಳೇಮಾಲಿ

ತೋಟಗಾರಿಕೆಯ ಕೆಲಸದಲ್ಲಿಯೇ ಕೂದಲು ನರೆತವನಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಬೇಸರಿಸಬೇಡಿ.

ಸಂಜೆನಡಿಗೆ ಅವರು ಹೇಳಿದ ಅಗತ್ಯಗಳು ನಿಜವಾದವು. ಮರಕ್ಕೂ ಅವಕ್ಕೂ ಜಗಳವಿಲ್ಲ. ಬೆಂಗಳೂರಿನ ದೊಡ್ಡ ಉದ್ಯಾನಗಳನ್ನು ಮಾಡಿದವರು ಎರಡನ್ನೂ ಒಟ್ಟಿಗೇ ಯೋಚಿಸಿದ್ದರು. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್ ಇಂದು 240 ಎಕರೆಯಷ್ಟಿದೆ. ಅದರಲ್ಲಿ ಹುಲ್ಲುಹಾಸೂ ಗಾಜಿನ ಮನೆಯೂ ಇವೆ. ಜೊತೆಗೆ ಕೆರೆಯಿದೆ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಬಂಡೆಯಿದೆ, ತಲೆಯೆತ್ತಿದರೆ ಆಕಾಶ ಕಾಣದಷ್ಟು ಮರಗಳಿವೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕಿನಲ್ಲೂ ಅಗಲವಾದ ದಾರಿಗಳಿವೆ, ಆದರೆ ದಾರಿಯ ಮೇಲೆ ಮರಗಳ ಚಪ್ಪರವಿದೆ. 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನ್ ಸಸ್ಯಶಾಸ್ತ್ರಜ್ಞ ಕ್ರುಂಬಿಗಲ್ ಅವರು ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಅಲಂಕಾರವೇ ಉದ್ದೇಶವಾಗಿದ್ದರೂ ಅದರಿಂದ ನಮಗೆ ಉಳಿದದ್ದು ನೆರಳು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಹೊಸ ಬಡಾವಣೆಗಳಲ್ಲಿ 15 ಲಕ್ಷದಷ್ಟು ಸಸಿಗಳನ್ನು ನೆಡಲಾಯಿತು. ಈಗ ನಾವು ಕಾರು ನಿಲ್ಲಿಸಲು ಹುಡುಕುವ ನೆರಳಿನಲ್ಲಿ ಬಹುಪಾಲು ಅವರ ಕಾಲದ್ದು.

ಇವತ್ತಿನ ತೊಂದರೆ ಗುತ್ತಿಗೆಯ ಸ್ವರೂಪದಲ್ಲಿದೆ. ಪೇವರ್ ಬ್ಲಾಕನ್ನು ಚದರ ಮೀಟರಿನಲ್ಲಿ ಅಳೆದು ಬಿಲ್ಲು ಮಾಡಬಹುದು, ಹುಲ್ಲುಹಾಸನ್ನೂ ಅಳೆಯಬಹುದು. ಮಣ್ಣು ಮೆದುವಾಗಿದೆಯೇ, ತರಗೆಲೆ ಕೊಳೆತು ಗೊಬ್ಬರವಾಗಿದೆಯೇ, ಮರದ ಬುಡಕ್ಕೆ ಉಸಿರಾಟವಿದೆಯೇ ಎಂಬುದನ್ನು ಅಳತೆ ಪುಸ್ತಕದಲ್ಲಿ ಬರೆಯಲು ಅಂಕಣವೇ ಇಲ್ಲ. ಹಾಗಾಗಿ 'ಅಭಿವೃದ್ಧಿ' ಎಂದಾಗಲೆಲ್ಲ ಮಣ್ಣು ಮುಚ್ಚಿಹೋಗುತ್ತದೆ. ಬುಡದವರೆಗೆ ಕಾಂಕ್ರೀಟು ಹಾಕಿದರೆ ಬೇರಿಗೆ ಗಾಳಿ, ನೀರು ಎರಡೂ ತಲುಪುವುದಿಲ್ಲ. ಮರ ತಕ್ಷಣ ಸಾಯುವುದಿಲ್ಲ, ಹಂತಹಂತವಾಗಿ ಎಲೆ ಕಡಿಮೆಯಾಗುತ್ತದೆ, ಉಷ್ಣಮಾಪಕ ಅವರು ಹೇಳಿದ ಆ 100 ಲೀಟರು ನಿಂತುಹೋಗುತ್ತದೆ. ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲೇ ದೆಹಲಿಗೆ ಸಂಬಂಧಿಸಿದ ಪ್ರಕರಣದಲ್ಲಿ ಆದೇಶಿಸಿತ್ತು. ಅದನ್ನು ಆಕ್ಷೇಪಣೆಯಲ್ಲಿ ಉಲ್ಲೇಖಿಸಿ.

ಇನ್ನು ಆ ನಾಲ್ಕು ಮರಗಳು. ಒಂದನ್ನು ಕಡಿದರೆ ಹತ್ತು ಸಸಿ ನೆಡುತ್ತೇವೆ ಎಂದು ಹೇಳುವುದು ವಾಡಿಕೆ. ಮೂವತ್ತು ವರ್ಷದ ಹೊಂಗೆಯ ಚಪ್ಪರದ ನೆರಳು ಮಾರನೆಯ ದಿನದಿಂದಲೇ ಇಲ್ಲವಾಗುತ್ತದೆ; ಅದರ ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಇಂಗಾಲ ಕಟ್ಟಿಗೆ ಉರಿದಂತೆ, ಕೊಳೆತಂತೆ ಗಾಳಿಗೆ ಮರಳುತ್ತದೆ. ಹತ್ತು ಸಸಿಗಳಲ್ಲಿ ಬದುಕುಳಿದವು ಆ ಜಾಗಕ್ಕೆ ಬರಲು ಮತ್ತೊಂದು ಇಪ್ಪತ್ತು ಮೂವತ್ತು ವರ್ಷ ಬೇಕು. ಬಿಸಿಲು ಏರುತ್ತಿರುವುದು ಈ ಇಪ್ಪತ್ತು ಮೂವತ್ತು ವರ್ಷಗಳಲ್ಲಿಯೇ ಅಲ್ಲವೇ?

ಗಾಳಿಮಳೆ

ಎಲ್ಲರೂ ಮರದ ಪರವಾಗಿಯೇ ಬರೆಯುತ್ತಿದ್ದೀರಿ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಮಟ್ಟಿಗೆ 133 ವರ್ಷಗಳ ದಾಖಲೆ ಮುರಿದಾಗ ನೂರಾರು ಮರಗಳು ಉರುಳಿದವು. ವಾಹನಗಳು ಜಖಂಗೊಂಡವು, ವಿದ್ಯುತ್ ಕಂಬಗಳು ಬಾಗಿದವು. ಹವಾಮಾನ ಬದಲಾವಣೆಯಿಂದ ಇಂಥ ಬಿರುಮಳೆ ಹೆಚ್ಚುತ್ತದೆ ಎನ್ನುವವರೂ ನೀವೇ. ಹಾಗಾದರೆ ದೊಡ್ಡ ಮರಗಳು ಪರಿಹಾರವೋ, ಅಪಾಯವೋ?

ಹಳೇಮಾಲಿ

ಪ್ರಶ್ನೆ ನ್ಯಾಯವಾದದ್ದು, ಗಾಳಿಮಳೆ ಅವರೇ. ಬಿದ್ದ ಮರದ ಬುಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಚರಂಡಿ, ಕೇಬಲ್ಲು, ನೀರಿನ ಪೈಪಿಗಾಗಿ ಅಗೆದಾಗ ಒಂದು ಬದಿಯ ಬೇರು ಕತ್ತರಿಸಿರುತ್ತದೆ. ವಿದ್ಯುತ್ ತಂತಿಗೆ ತಾಗುತ್ತದೆಂದು ಒಂದೇ ಮಗ್ಗುಲಿನ ಕೊಂಬೆಗಳನ್ನು ಸವರಿ ಸವರಿ ಮರದ ಭಾರ ಇನ್ನೊಂದು ಮಗ್ಗುಲಿಗೆ ವಾಲಿರುತ್ತದೆ. ಇದರ ಮೇಲೆ ಬುಡಕ್ಕೆ ಕಾಂಕ್ರೀಟು. ಇಷ್ಟೆಲ್ಲ ಮಾಡಿ ಗಾಳಿಯನ್ನು ದೂರಿದರೆ ಹೇಗೆ?

ಜಾತಿಯ ಆಯ್ಕೆಯಲ್ಲೂ ಎಡವಿರುವುದು ನಿಜ. ಬೇಗ ಬೆಳೆದು ಬೇಗ ಹೂ ಬಿಡುತ್ತವೆಂದು ಕಿರಿದಾದ ಬೀದಿಗಳಲ್ಲಿ ಗುಲ್‌ಮೊಹರ್, ಆಫ್ರಿಕನ್ ಟ್ಯುಲಿಪ್‌ನಂಥ ಮೆದುಮರಗಳನ್ನು ನೆಟ್ಟೆವು. ಅವುಗಳ ಕೊಂಬೆ ಸುಲಭವಾಗಿ ಮುರಿಯುತ್ತದೆ. ಆದರೆ ವಿದೇಶಿ ಮರವೆಲ್ಲ ಕೆಟ್ಟದ್ದೆಂಬ ಈಚಿನ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ದಕ್ಷಿಣ ಅಮೆರಿಕದಿಂದ ಬಂದ ಮಳೆಮರದಷ್ಟು ಅಗಲವಾದ ನೆರಳನ್ನು ಕೊಡುವ ಮರಗಳು ಕಡಿಮೆ. ಅದನ್ನು ಅಗಲವಾದ ಉದ್ಯಾನದಲ್ಲಿ ಬೆಳೆಸಬೇಕೇ ಹೊರತು ಹತ್ತಡಿ ಕಾಲುದಾರಿಯಲ್ಲಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮರಗಳ ಆರೋಗ್ಯ ತಪಾಸಣೆ, ಒಣಕೊಂಬೆಗಳನ್ನು ತೆಗೆಯುವುದು, ಸಮತೂಕ ನೋಡಿ ಸವರುವುದು ಇವಿಷ್ಟನ್ನು ತಿಳಿದವರ ಕೈಯಲ್ಲಿ ಮಾಡಿಸಿದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ.

ಕೆರೆಕೋಡಿ

ಮಳೆಯ ಮಾತು ಬಂದದ್ದರಿಂದ ನೀರಿನ ಲೆಕ್ಕವನ್ನು ಸೇರಿಸುತ್ತೇನೆ. ನನ್ನ ದೃಷ್ಟಿಯಲ್ಲಿ ಉದ್ಯಾನದ ಅತ್ಯಂತ ಕಡೆಗಣಿತ ಉಪಯೋಗ ಇದೇ.

ಒಂದು ಎಕರೆ ಜಾಗದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರಾಗುತ್ತದೆ. ಜೂನ್ 2ರ ಆ ಮಳೆ ತೋಪಿನಂಚು ಅವರ ಉದ್ಯಾನದ ಮೇಲೆ ಅಷ್ಟೇ ಪ್ರಮಾಣದಲ್ಲಿ ಸುರಿದಿದ್ದರೆ ನಾಲ್ಕೂವರೆ ಲಕ್ಷ ಲೀಟರ್. ಮೆದುಮಣ್ಣು, ತರಗೆಲೆ, ಸ್ವಲ್ಪ ತಗ್ಗು ಇರುವ ಉದ್ಯಾನವು ಇದರಲ್ಲಿ ಗಣನೀಯ ಪಾಲನ್ನು ಕುಡಿದು, ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಪೇವರ್ ಬ್ಲಾಕ್ ಹಾಸಿದ, ಕೆಳಗೆ ಕಾಂಕ್ರೀಟು ಬೆಡ್ ಇರುವ ಉದ್ಯಾನವು ಬಿದ್ದ ನೀರನ್ನು ಕೆಲವೇ ನಿಮಿಷಗಳಲ್ಲಿ ರಸ್ತೆಗೆ, ರಸ್ತೆಯಿಂದ ರಾಜಕಾಲುವೆಗೆ ತಳ್ಳುತ್ತದೆ. ಹೀಗೆ ಎಲ್ಲ ಕಡೆಯಿಂದ ಒಮ್ಮೆಲೇ ನುಗ್ಗಿದ ನೀರು ಎಲ್ಲಿಗೆ ಹೋಗಬೇಕು? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಟ್ರ್ಯಾಕ್ಟರು, ದೋಣಿಗಳಲ್ಲಿ ಜನರನ್ನು ಸಾಗಿಸಿದ್ದನ್ನು ದೇಶವೇ ನೋಡಿತು. ಕೆರೆಯಂಗಳ, ಗುಂಡುತೋಪು, ಗೋಮಾಳಗಳಾಗಿದ್ದ ನೀರಿನ ಜಾಗಗಳು ಕಟ್ಟಡಗಳಾದದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಾಯಿತು. ಕರಗ ಉತ್ಸವದ ವಿಧಿಗಳಿಗೆಂದು ಸಂಪಂಗಿಯ ಒಂದು ಸಣ್ಣ ತುಣುಕು ಮಾತ್ರ ಉಳಿದಿದೆ. ಅದರ ಪಕ್ಕದಲ್ಲೇ ಇರುವ ಕಬ್ಬನ್ ಪಾರ್ಕಿನಲ್ಲಿ ಹಳೆಯ ತೆರೆದ ಬಾವಿಗಳ ಹೂಳೆತ್ತಿಸಿ, ಹೊಸದಾಗಿ ಇಂಗುಬಾವಿಗಳನ್ನು ತೋಡಿಸಿದ ಮೇಲೆ ಬಾವಿಗಳಲ್ಲಿ ಮತ್ತೆ ನೀರು ಕಂಡಿತು. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರ ಕಸುಬಿನ ಜ್ಞಾನ ಇಲ್ಲಿ ಕೆಲಸಕ್ಕೆ ಬಂದಿತು ಎಂಬುದನ್ನು ನೆನೆಯಬೇಕು.

ಇನ್ನು ಹುಲ್ಲುಹಾಸು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 4 ಲೀಟರ್ ಎಂದು ಹಿಡಿದರೂ ಒಂದು ಎಕರೆಗೆ 16 ಸಾವಿರ ಲೀಟರ್ ಬೇಕು. ಇದು ದಿನಕ್ಕೊಂದು ದೊಡ್ಡ ಟ್ಯಾಂಕರಿಗಿಂತ ಹೆಚ್ಚು. 2024ರ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದು ಸಾರಿದ ಊರು ಇದು. ಮಕ್ಕಳು ಆಡುವಷ್ಟು ಜಾಗದಲ್ಲಿ ಹುಲ್ಲಿರಲಿ, ಅದಕ್ಕೆ ಸಂಸ್ಕರಿಸಿದ ನೀರನ್ನೇ ಹಾಕಲಿ. ಮರಗಳ ಬುಡದಲ್ಲಿ ಹುಲ್ಲು ಬೆಳೆಸುವುದಂತೂ ವ್ಯರ್ಥ. ನೆರಳಿನಲ್ಲಿ ಅದು ಹೇಗೂ ಚೆನ್ನಾಗಿ ಬರುವುದಿಲ್ಲ.

ಕಡಲಾಚೆಯವ

ನಾನು ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗ. ಕೆರೆಕೋಡಿ ಅವರು ರಾಜಕಾಲುವೆಯ ಮಾತೆತ್ತಿದ್ದರಿಂದ ಇಲ್ಲಿನ ಒಂದು ಉದಾಹರಣೆ ಕೊಡುತ್ತೇನೆ. ಬಿಷಾನ್–ಆಂಗ್ ಮೋ ಕಿಯೊ ಉದ್ಯಾನದ ಪಕ್ಕದಲ್ಲಿ ಕಲಾಂಗ್ ನದಿಯು 2.7 ಕಿಲೋಮೀಟರ್ ಉದ್ದದ ನೇರವಾದ ಕಾಂಕ್ರೀಟು ಕಾಲುವೆಯಾಗಿ ಹರಿಯುತ್ತಿತ್ತು. ಆ ಕಾಂಕ್ರೀಟನ್ನು ಒಡೆದು, ನದಿಯನ್ನು 62 ಹೆಕ್ಟೇರಿನ ಉದ್ಯಾನದೊಳಗೆ ಬಳುಕುತ್ತ ಹರಿಯಲು ಬಿಟ್ಟು, ದಡಗಳನ್ನು ಗಿಡಗಳ ಬೇರುಗಳಿಂದಲೇ ಬಿಗಿಗೊಳಿಸಿ 2012ರಲ್ಲಿ ಜನರಿಗೆ ತೆರೆದರು. ಸಾಮಾನ್ಯ ದಿನಗಳಲ್ಲಿ ಅದು ಮಕ್ಕಳು ಆಡುವ ಹುಲ್ಲುಗಾವಲು, ಜೋರು ಮಳೆಯಲ್ಲಿ ನೀರು ಹರಡಿಕೊಳ್ಳುವ ಬಯಲು. ನೀರೇರುವಾಗ ಜನರನ್ನು ಎಚ್ಚರಿಸುವ ವ್ಯವಸ್ಥೆಯೂ ಇದೆ. ಸಿಂಗಪುರದ ಹಣ, ಆಡಳಿತ ಬೇರೆ ಎಂಬುದು ನನಗೆ ಗೊತ್ತು. ಆದರೆ ಸಂಜೆನಡಿಗೆ ಅವರು ಕೇಳುವ ಹುಲ್ಲು, ದೀಪ, ಗಟ್ಟಿದಾರಿಗಳೆಲ್ಲವೂ ಅಲ್ಲಿವೆ.

ಅಪ್ಪನಕೆರೆ

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಬೆಂಗಳೂರಿನವರು 38 ಡಿಗ್ರಿಗೆ ಕಂಗಾಲಾಗುವುದನ್ನು ಓದಿ ನಮ್ಮಲ್ಲಿ ನಗುತ್ತೇವೆ. ನಮ್ಮ ಬೇಸಿಗೆ 42, 43ರಲ್ಲೇ ಸಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ.

ಉಷ್ಣಮಾಪಕ ಅವರ ಬಾಷ್ಪವಿಸರ್ಜನೆಯ ಲೆಕ್ಕ ಒಣಹವೆಯ ನಮ್ಮೂರಿಗೆ ಇನ್ನೂ ಚೆನ್ನಾಗಿ ಅನ್ವಯಿಸಬೇಕು, ಏಕೆಂದರೆ ಒಣಗಾಳಿಯಲ್ಲಿ ಆವಿಯಾಗುವಿಕೆ ಹೆಚ್ಚು. ಆದರೆ ಆವಿಯಾಗಲು ನೀರೆಲ್ಲಿದೆ? ತೇವ ಸಿಗದಿದ್ದಾಗ ಮರ ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ತಂಪಿನ ಅರ್ಧ ಭಾಗ ನಿಂತಂತೆಯೇ. ಆಗ ಉಳಿಯುವುದು ನೆರಳೊಂದೇ. ಹಾಗಾಗಿ ನಮ್ಮಲ್ಲಿ ಬೇವು, ಹುಣಸೆ, ಆಲ, ಅರಳಿಗಳಂಥ ಬರ ತಾಳುವ, ಬೇಸಿಗೆಯಲ್ಲಿ ಎಲೆಯಿರುವ ಮರಗಳೇ ಬೇಕು. ಶರಣಬಸವೇಶ್ವರ ಕೆರೆಯ ಪಕ್ಕದ ಪಬ್ಲಿಕ್ ಗಾರ್ಡನ್ನಿನಲ್ಲಿ ಮಧ್ಯಾಹ್ನ ಹಳೆಯ ಮರದಡಿ ಕೂರಲು ಜಾಗ ಸಿಗುವುದಿಲ್ಲ. ಹೊಸ ಬಡಾವಣೆಗಳ ಉದ್ಯಾನಗಳಲ್ಲಿ ಅದೇ ಹೊತ್ತಿಗೆ ಕಬ್ಬಿಣದ ಜಿಮ್ ಸಲಕರಣೆಗಳನ್ನು ಮುಟ್ಟಿದರೆ ಕೈ ಸುಡುತ್ತದೆ. ರಾಜ್ಯದ ಉದ್ಯಾನಗಳಿಗೆಲ್ಲ ಒಂದೇ ಮಾದರಿಯ ನಕ್ಷೆ ಕಳುಹಿಸುವುದನ್ನು ಮೊದಲು ನಿಲ್ಲಿಸಬೇಕು. ಬೆಂಗಳೂರಿನ ಕಣ್ಣಿಗೆ ಚೆಂದ ಕಂಡದ್ದು ಬಿಸಿಲುನಾಡಿಗೆ ಒಗ್ಗುವುದಿಲ್ಲ.

ಬೀದಿಬದಿ

ಇಷ್ಟು ಹೊತ್ತಿನ ಚರ್ಚೆಯಲ್ಲಿ ಯಾರೂ ಗೇಟಿನ ಬೀಗದ ಬಗ್ಗೆ ಬರೆಯಲಿಲ್ಲ. ಬಿಸಿಲಿನಿಂದ ಅತಿ ಹೆಚ್ಚು ಬಳಲುವವರು ತಳ್ಳುಗಾಡಿಯವರು, ಪೌರಕಾರ್ಮಿಕರು, ಕಟ್ಟಡ ಕೆಲಸದವರು, ಮನೆಮನೆಗೆ ಊಟ ತಲುಪಿಸುವ ಹುಡುಗರು. ಅವರಿಗೆ ನೆರಳು ಬೇಕಾಗಿರುವುದು ಮಧ್ಯಾಹ್ನ 12ರಿಂದ 4ರವರೆಗೆ. ಬೆಂಗಳೂರಿನ ಬಹಳಷ್ಟು ಉದ್ಯಾನಗಳಿಗೆ ದೀರ್ಘಕಾಲ ಬೀಗ ಬೀಳುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೇ! 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನ ಬಂದಾಗ ವಿರೋಧಿಸಿದ ನಿವಾಸಿಗಳೂ ಇದ್ದರು. 'ಯಾರ್ಯಾರೋ ಬಂದು ಮಲಗುತ್ತಾರೆ' ಎಂಬ ಮಾತನ್ನು ನಾನೇ ಕೇಳಿದ್ದೇನೆ. ಬಿಸಿಲಿನಲ್ಲಿ ದುಡಿದವನು ಒಂದು ಗಂಟೆ ಮರದಡಿ ಮಲಗಿದರೆ ಉದ್ಯಾನ ಹವಾಮಾನ ಬದಲಾವಣೆಯ ವಿರುದ್ಧ ತನ್ನ ಕೆಲಸ ಮಾಡಿತು ಎಂದೇ ಅರ್ಥ.

ತಗಡಿನ ಛಾವಣಿಯಡಿ ಬದುಕುವವರ ಕೇರಿಗಳಲ್ಲಿ ಉದ್ಯಾನಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ ಮನೆಮುಂದಿನ ಒಂದು ನುಗ್ಗೆ, ಒಂದು ತೆಂಗು, ಗುಡಿಯ ಪಕ್ಕದ ಅರಳಿಕಟ್ಟೆ ಇವೇ ಉದ್ಯಾನ. ಹೊಸ ಹಸಿರಿಗೆ ಹಣ ಬಂದಾಗ ಅದು ಮೊದಲು ಅಂಥ ಕಡೆಗೆ ಹೋಗಬೇಕು. ಈಗಾಗಲೇ ಮರಗಳಿರುವ ಬಡಾವಣೆಗೆ ಕಾರಂಜಿ ಕೊಡುವುದು ಹಣದ ದುರ್ಬಳಕೆ.

ಕಾಯಿದೆಕಂತೆ

ಕಾನೂನಿನ ಕಡೆಯಿಂದ ಚಿಕ್ಕದಾಗಿ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಉದ್ಯಾನದ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಎಂಬುದು ಅದಕ್ಕೆ ಬದಲಿಯಲ್ಲ. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ 1985ರ ಪ್ರತ್ಯೇಕ ಅಧಿನಿಯಮವಿದೆ. 2023ರ ನವೆಂಬರಿನಲ್ಲಿ ಬಿಬಿಎಂಪಿಯು ಬಿಡುಗಡೆ ಮಾಡಿದ ಬೆಂಗಳೂರು ಹವಾಮಾನ ಕ್ರಿಯಾ ಯೋಜನೆಯಲ್ಲಿ ಹಸಿರು ಹೊದಿಕೆ ಮತ್ತು ನೀರು ಎರಡೂ ಸೇರಿವೆ. ಬಿಬಿಎಂಪಿಯ ಜಾಗದಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿರುವುದರಿಂದ ಅರ್ಜಿಯನ್ನು ಸರಿಯಾದ ಪಾಲಿಕೆಯ ವಿಳಾಸಕ್ಕೇ ಬರೆಯಿರಿ, ಇಲ್ಲದಿದ್ದರೆ ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಜನ ಪಟ್ಟು ಹಿಡಿದರೆ ಫಲವಿದೆ: 812 ಮರಗಳನ್ನು ಬಲಿ ಕೇಳಿದ್ದ ಬಸವೇಶ್ವರ ವೃತ್ತ–ಹೆಬ್ಬಾಳ ಉಕ್ಕಿನ ಮೇಲ್ಸೇತುವೆಯನ್ನು 2016ರ ಮಾನವ ಸರಪಳಿಯ ನಂತರ, 2017ರಲ್ಲಿ ಕೈಬಿಡಲಾಯಿತು. ಸುರಂಗ ರಸ್ತೆಗಾಗಿ ಲಾಲ್‌ಬಾಗ್‌ನ ಅಂಚಿನ ಜಾಗ ಬಳಸುವ ಪ್ರಸ್ತಾವಕ್ಕೆ 2025ರಲ್ಲಿ ಎದ್ದ ವಿರೋಧವೂ ಇದೇ ಸಾಲಿನದು.

ತೋಪಿನಂಚು

ಎಲ್ಲರಿಗೂ ಕೃತಜ್ಞತೆಗಳು. ಆಕ್ಷೇಪಣೆಯ ಕರಡಿನಲ್ಲಿ ಇಂಗಾಲ ಸರಿದೂಗಿಸುವ ವಾಕ್ಯವನ್ನು ತೆಗೆಯಬೇಕೆಂದು ಕೇಳುತ್ತಿದ್ದೇನೆ. ನಾಲ್ಕು ಮರಗಳನ್ನು ಉಳಿಸಿಕೊಂಡು ದಾರಿಯನ್ನೇ ಅವುಗಳ ಸುತ್ತ ತಿರುಗಿಸಿ ಒಯ್ಯಬೇಕು, ಸಂಜೆನಡಿಗೆ ಅವರು ಹೇಳಿದಂತೆ ಒಂದು ಸುತ್ತಿನ ದಾರಿ ಮಾತ್ರ ಗಟ್ಟಿಯಾಗಿರಬೇಕು, ಅದರ ಇಳಿಜಾರು ಮರಗಳ ಪಾತಿಯ ಕಡೆಗಿರಬೇಕು, ಕಾರಂಜಿಯ ಹಣದಲ್ಲಿ ಇಂಗುಬಾವಿಗಳನ್ನು ತೋಡಬೇಕು, ಗೇಟು ಮಧ್ಯಾಹ್ನ ತೆರೆದಿರಬೇಕು ಎಂದೂ ಸೇರಿಸಿದ್ದೇನೆ. ಕೊನೆಯ ಅಂಶಕ್ಕೆ ನಮ್ಮ ಸಂಘದಲ್ಲೇ ಒಮ್ಮತವಿಲ್ಲ. ಅದನ್ನು ನನ್ನ ಹೆಸರಿನಲ್ಲಿ ಬೇರೆಯಾಗಿಯೇ ಬರೆಯುತ್ತೇನೆ.

ಹಳೇಮಾಲಿ ಅವರಿಗೆ ಒಂದು ಪ್ರಶ್ನೆ ಉಳಿದಿದೆ. ಪೂರ್ವದ ಬೇಲಿಯ ಬಳಿ ಖಾಲಿ ಜಾಗವಿದೆ, ಮೇಲೆ ವಿದ್ಯುತ್ ತಂತಿ ಹಾದುಹೋಗಿದೆ. ಅಲ್ಲಿ ಮಿಯಾವಾಕಿ ಮಾದರಿಯಲ್ಲಿ ಒತ್ತೊತ್ತಾಗಿ ನೆಡಬೇಕೆಂದು ಕೆಲವರ ಒತ್ತಾಯವಿದೆ. ನಿಮ್ಮ ಸಲಹೆಯೇನು?

ಹಳೇಮಾಲಿ

ಒತ್ತೊತ್ತಾಗಿ ನೆಡುವ ಆ ಕ್ರಮದಲ್ಲಿ ಗಿಡಗಳು ಬೆಳಕಿಗಾಗಿ ಪೈಪೋಟಿ ಮಾಡಿ ಬೇಗ ಎತ್ತರಕ್ಕೆ ಹೋಗುತ್ತವೆ. ಪಾಳುಬಿದ್ದ, ಯಾರೂ ನಡೆದಾಡದ ಜಾಗಕ್ಕೆ ಅದು ಸರಿ; ಜನ ಅದರಡಿ ಕೂರಲಾರರು, ತಂತಿಯ ಕೆಳಗಂತೂ ಎರಡು ಮೂರು ವರ್ಷಗಳಲ್ಲೇ ಕೊಡಲಿ ಬರುತ್ತದೆ. ತಂತಿಯ ನೇರಕ್ಕೆ ಗಿಡ್ಡವಾಗಿ ಉಳಿಯುವ ಕರಿಬೇವು, ದಾಸವಾಳ, ಪಾರಿಜಾತ, ನಿಂಬೆಯಂಥವನ್ನು ಹಾಕಿ. ನಡೆಯುವವರ ನೋಟಕ್ಕೆ ಅಡ್ಡವಾಗದಂತೆ ಅವುಗಳ ನಡುವೆ ಅಂತರವಿರಲಿ. ತಂತಿಯಿಂದ ಸಾಕಷ್ಟು ಒಳಗೆ ಸರಿದು ಎಂಟು ಹತ್ತು ಮೀಟರಿಗೊಂದರಂತೆ ಹೊಂಗೆ, ಬೇವು, ಅತ್ತಿಗಳನ್ನು ನೆಡಿ. ಗುಣಿ ಮೂರಡಿ ಉದ್ದ, ಅಗಲ, ಆಳವಿರಲಿ. ಅಗೆದ ಮೇಲ್ಮಣ್ಣನ್ನು ಬೇರೆ ಇಟ್ಟು, ಕೊಳೆತ ಗೊಬ್ಬರ ಬೆರೆಸಿ ಅದನ್ನೇ ಮೊದಲು ತುಂಬಿ. ಮುಂಗಾರಿನ ಒಂದೆರಡು ಒಳ್ಳೆಯ ಮಳೆಯಾಗಿ ನೆಲ ನೆಂದ ಮೇಲೆ, ಆಳೆತ್ತರದ ಸಸಿಗಳನ್ನು ಇಡಿ. ಬೆರಳುದ್ದದ ಸಸಿ ತಂದು ಫೋಟೋ ತೆಗೆಸಿಕೊಳ್ಳುವುದು ಬೇಡ. ಪಾತಿಯ ಮೇಲೆ ತರಗೆಲೆಯನ್ನು ಅರ್ಧ ಅಡಿ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ನಿಧಾನವಾಗಿ ನೀರು ಇಂಗಿಸಿದರೆ ಮೂರನೆಯ ಬೇಸಿಗೆಯಲ್ಲಿ ಬಹುತೇಕ ತಾನೇ ನಿಭಾಯಿಸಿಕೊಳ್ಳುತ್ತದೆ. ಗುತ್ತಿಗೆಯಲ್ಲಿ ನೆಡುವ ಹಣದ ಜೊತೆಗೆ ಮೂರು ವರ್ಷದ ನೀರಿನ ಮತ್ತು ಮಾಲಿಯ ಸಂಬಳದ ಬಾಬತ್ತನ್ನೂ ಬರೆಸಿಕೊಳ್ಳಿ. ಅದಿಲ್ಲದ ನಕ್ಷೆಗೆ ಸಹಿ ಹಾಕಬೇಡಿ.